ತಿರುವು ಕಾದವಳು

ಈ ಕಥೆಯನ್ನು ಮೊದಲು ಹೇಳಿದವನು ಒಬ್ಬ ಬೇಕರಿಯವನು. ಚಳಿಗಾಲ ಕಳೆದ ಮೇಲೆ ಸೈಕಲ್ಲುಗಳನ್ನೆಲ್ಲ ಕ್ಲಬ್ಬಿನ ಶೆಡ್ಡಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುವ ಒಂದು ಭಾನುವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಗ್ರೀಸು ಮೆತ್ತಿದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಇದನ್ನು ಹೇಳಿದ. ಕೇಳಲು ಏಳು ಮಂದಿ ಹೊಸ ಸದಸ್ಯರಿದ್ದರು, ಎಂಟನೆಯವನು ನಾನು. ಆಮೇಲೆ ಇದೇ ಕಥೆಯನ್ನು ಕಥಾನಾಯಕಿಯ ಅತ್ತಿಗೆಯ ಬಾಯಲ್ಲಿ ಎರಡು ಸಲ ಕೇಳಿದ್ದೇನೆ. ಅವರಿಬ್ಬರ ಮಾತು ಕೂಡದ ಒಂದು ಜಾಗವಿದೆ. ಅದನ್ನು ಅಲ್ಲೇ ಹೇಳುತ್ತೇನೆ. ಉಳಿದದ್ದು ಕೇಳಿದ ಹಾಗೆಯೇ ಇದೆ.

ಆ ಕ್ಲಬ್ಬಿನಲ್ಲಿ ಆಗ ಹದಿನೇಳು ಜನ. ಎಲ್ಲರ ಮುಂದೆ ಕ್ಯಾಪ್ಟನ್. ರಿಟೈರಾದ ಡ್ರಾಯಿಂಗ್ ಮಾಸ್ತರರು, ಎಲ್ಲರ ಬಾಯಲ್ಲೂ ಮೇಷ್ಟ್ರು. ಎಲ್ಲರ ಹಿಂದೆ ಹಳದಿ ಜಾಕೆಟ್ಟು ತೊಟ್ಟ ಒಬ್ಬ. ಅವನಿಗಿಂತ ಹಿಂದೆ ಯಾರೂ ಉಳಿಯಕೂಡದು. ರಸ್ತೆ ಕವಲೊಡೆಯುವ ಕಡೆಯೆಲ್ಲ ಮೇಷ್ಟ್ರು ತಮ್ಮ ಬೆನ್ನಿಗಿದ್ದ ಒಬ್ಬರನ್ನು ನಿಲ್ಲಿಸಿ ಮುಂದೆ ಹೋಗುವರು. ನಿಂತವರು ಬಂದವರಿಗೆಲ್ಲ ದಾರಿ ತೋರಿಸುತ್ತ ಅಲ್ಲಿಯೇ ಇರಬೇಕು. ಹಳದಿ ಜಾಕೆಟ್ಟು ಬಂದು ಸೇರಿದ ಮೇಲೆ ಅದರ ಜೊತೆಗೆ ಹೊರಡಬೇಕು. ಅಲ್ಲಿಯವರೆಗೆ ಕದಲಬಾರದು. ಇದಕ್ಕೆ ಅವರು ತಿರುವು ಕಾಯುವುದು ಎನ್ನುತ್ತಿದ್ದರು.

ಯಾರಿಗೂ ಇಷ್ಟವಿಲ್ಲದ ಕೆಲಸ. ಬೆವರಿದ ಮೈ ನಿಂತಲ್ಲೇ ತಣ್ಣಗಾಗುತ್ತದೆ. ಮುಂದೆ ಹೋದವರು ಅಷ್ಟರಲ್ಲಿ ಚಹಾ ಮುಗಿಸಿರುತ್ತಾರೆ.

ಕಥಾನಾಯಕಿ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಣ್ಣ ಅತ್ತಿಗೆಯ ಮನೆಯಲ್ಲಿ ಇದ್ದವಳು. ಕ್ಲಬ್ಬಿಗೆ ಸೇರಿದ ಮೊದಲ ಭಾನುವಾರವೇ ಮೇಷ್ಟ್ರು ಅವಳನ್ನು ಮರ ಕೊಯ್ಯುವ ಮಿಲ್ಲಿನ ಎದುರಿನ ಕವಲಿನಲ್ಲಿ ನಿಲ್ಲಿಸಿ ಹೋದರು. ಹತ್ತು ಹನ್ನೆರಡು ಜನ ದಾಟಿಹೋದರು. ಆಮೇಲೆ ಯಾರೂ ಇಲ್ಲ. ಗರಗಸದ ಸದ್ದು ಕೇಳುತ್ತ ಇಪ್ಪತ್ತು ನಿಮಿಷ ನಿಂತಳು. ತನ್ನನ್ನು ಮರೆತೇಬಿಟ್ಟರು ಎಂದುಕೊಳ್ಳುವಷ್ಟರಲ್ಲಿ ರಸ್ತೆಯ ತುದಿಯಲ್ಲಿ ಒಂದು ಹಳದಿ ಚುಕ್ಕೆ ಕಾಣಿಸಿತು. ಅದು ಯಾವ ಅವಸರವೂ ಇಲ್ಲದೆ ದೊಡ್ಡದಾಗುತ್ತ ಬಂದು ಅವಳ ಮುಂದೆ ಕಾಲೂರಿತು.

"ಹೊಸಬರಾ?"

"ಹೌದು. ನೀವೇ ಕೊನೆಯವರಾ?"

"ಯಾವಾಗ್ಲೂ."

"ಯಾಕೆ ಇಷ್ಟು ಹೊತ್ತು?"

"ಒಬ್ಬರ ಚೈನ್ ಕಳಚಿತ್ತು. ಇನ್ನೊಬ್ಬರ ಧೈರ್ಯ ಕಳಚಿತ್ತು. ಚೈನ್ ಬೇಗ ಕೂತಿತು."

ಅವಳು ನಕ್ಕಳು. ಅಲ್ಲಿಂದ ಚಹಾದ ಅಂಗಡಿಗೆ ನಾಲ್ಕು ಕಿಲೋಮೀಟರ್. ಅಷ್ಟು ದೂರವನ್ನೂ ಇಬ್ಬರು ಅಕ್ಕಪಕ್ಕದಲ್ಲಿ ತುಳಿದರು.

ಮುಂದಿನ ವಾರದಿಂದ, ಯಾವುದೇ ಕವಲು ಬಂದು ಮೇಷ್ಟ್ರು ಹಿಂದೆ ತಿರುಗುವಷ್ಟರಲ್ಲಿ ಅವಳ ಒಂದು ಕಾಲು ಆಗಲೇ ನೆಲದ ಮೇಲಿರುತ್ತಿತ್ತು. "ಮೇಷ್ಟ್ರೇ, ನಾನು ನಿಲ್ತೀನಿ." ಎಷ್ಟು ಸೇವಾಭಾವದ ಹುಡುಗಿ ಎಂದು ಮೇಷ್ಟ್ರು ಮೆಚ್ಚಿಕೊಂಡರು. ಅದೇ ಕ್ಲಬ್ಬಿಗೆ ತೂಕ ಇಳಿಸಲು ಸೇರಿದ್ದ ಅವಳ ಅತ್ತಿಗೆ ಮೆಚ್ಚಿಕೊಳ್ಳಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು.

ಹಳದಿ ಜಾಕೆಟ್ಟಿನವನು ಸೈಕಲ್ ಶಾಪಿನಲ್ಲಿ ಚಕ್ರದ ಕೆಲಸ ಮಾಡುವವನು. ಬೆಂಡಾದ ರಿಮ್ಮನ್ನು ಕಣ್ಣಳತೆಯಲ್ಲೇ ನೇರ ಮಾಡುವವನು. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸದ್ದಿನಲ್ಲೇ ಯಾವುದು ಸಡಿಲ ಎಂದು ಹೇಳುವವನು. ಬಾಲದಲ್ಲಿ ಬರುವವನಾದ್ದರಿಂದ ಕ್ಲಬ್ಬಿನವರೆಲ್ಲ ಅವನನ್ನು ಬಾಲಣ್ಣ ಎಂದು ಕರೆಯುತ್ತಿದ್ದರು. ಅವಳೊಬ್ಬಳು ಮಾತ್ರ ಹಾಗೆ ಕರೆಯುತ್ತಿರಲಿಲ್ಲ.

"ಅರವತ್ತೆಂಟು ವರ್ಷದ ಮೇಷ್ಟ್ರೇ ಬಾಲಣ್ಣ ಅಂತಾರೆ," ಎಂದಳು ಒಮ್ಮೆ ಅತ್ತಿಗೆ. "ನೀನು ಮಾತ್ರ ರೀ ಅಂತೀಯ, ಇವರೇ ಅಂತೀಯ, ಇಲ್ಲ ಬೆಲ್ ಹೊಡೀತೀಯ. ಅಣ್ಣ ಅನ್ನೋಕೆ ನಾಲಿಗೆ ತಿರುಗಲ್ವಾ?"

"ನನಗೆ ಅಣ್ಣ ಒಬ್ಬ ಇದ್ದಾನಲ್ಲ. ನೀವು ಕಟ್ಕೊಂಡಿದ್ದೀರಿ. ಸಾಕು."

ಅವನ ಕಡೆಯ ಸುದ್ದಿ ನಿಧಾನವಾಗಿ ಹಿಂದೆ ಉಳಿಯುವವರಿಂದ ತಿಳಿದದ್ದು. ದಾರಿಯುದ್ದಕ್ಕೂ ತಾಳ್ಮೆಯ ಮೂರ್ತಿಯಾಗಿರುವ ಬಾಲಣ್ಣ, ಕವಲು ಹತ್ತಿರವಾಯಿತೆಂದರೆ ಅವರನ್ನು ಕುರಿ ಅಟ್ಟಿದ ಹಾಗೆ ಅಟ್ಟುತ್ತಿದ್ದನಂತೆ. ಕವಲಿಗೆ ಇನ್ನೂರು ಗಜ ಇರುವಾಗ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದನಂತೆ, ಹೆಲ್ಮೆಟ್ಟಿನ ಮೇಲಿನಿಂದಲೇ.

ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಕವಲಿಗೆ ಐದು ನಿಮಿಷದಂತೆ, ಭಾನುವಾರಕ್ಕೆ ಮೂರೋ ನಾಲ್ಕೋ ಕವಲು. ಜೊತೆ ಸಿಕ್ಕದ್ದು ಅಷ್ಟೇ. ಗುಂಪು ಸೇರಿದೊಡನೆ ಅವಳು ಮುಂದಕ್ಕೆ ಹಾರುವಳು, ಇನ್ನೊಂದು ಕವಲಿನಲ್ಲಿ ನಿಲ್ಲಲು ಮುಂದೆಯೇ ಇರಬೇಕಲ್ಲ. ಅವನಿಗೆ ಆ ಲೆಕ್ಕಾಚಾರ ತಿಳಿಯದು. ನನ್ನ ಜೊತೆ ತುಳಿಯಲು ಬೇಸರ, ಪಾಪ, ಎಂದುಕೊಂಡು ಅವನು ಕೊನೆಯಲ್ಲಿ ಉಳಿಯುವನು.

*

ಆ ವರ್ಷ ಕ್ಲಬ್ಬಿನವರು ಹಡಗು ಹತ್ತಿ ಆಚೆ ದೇಶಕ್ಕೆ ಹೋಗಿಬರುವುದೆಂದು ನಿಶ್ಚಯಿಸಿದರು. ಶುಕ್ರವಾರ ಬೆಳಗ್ಗೆ ಹೋಗುವುದು, ಭಾನುವಾರ ಸಂಜೆ ಐದರ ಹಡಗಿಗೆ ಮರಳುವುದು. ನಾಲ್ಕು ಗಂಟೆಯ ಸಮುದ್ರ. ಹದಿನೇಳು ಸೈಕಲ್ಲುಗಳನ್ನು ಕೆಳಗಿನ ಅಂತಸ್ತಿನಲ್ಲಿ ಲಾರಿಗಳ ಪಕ್ಕ ಹಗ್ಗ ಹಾಕಿ ಕಟ್ಟಿದರು. ಪಾಸ್‌ಪೋರ್ಟು ನೋಡುವವನು ಅತ್ತಿಗೆಯ ಫೋಟೋವನ್ನೂ ಅತ್ತಿಗೆಯನ್ನೂ ಎರಡೆರಡು ಸಲ ನೋಡಿದಾಗ ಅವಳು, "ಅದು ಸೈಕಲ್ ಹೊಡೆಯೋ ಮುಂಚಿನದು," ಎಂದು ಹೆಮ್ಮೆಯಿಂದ ಹೇಳಿದಳು. ಅವನಿಗೆ ಭಾಷೆ ತಿಳಿಯಲಿಲ್ಲ. ಮುದ್ರೆ ಒತ್ತಿದ.

ಹಡಗು ದಡ ಬಿಟ್ಟು ಅರ್ಧ ಗಂಟೆಯಾಗಿರಬೇಕು. ಮೇಲಿನ ಅಂತಸ್ತಿನ ಬೆಂಚಿನಲ್ಲಿ ಮೇಷ್ಟ್ರು ನಕ್ಷೆ ಬಿಡಿಸಿಕೊಂಡು ಕೂತಿದ್ದರು. ಅವಳು ಕಾಗದದ ಲೋಟದಲ್ಲಿ ಅವರಿಗೆ ಕಾಫಿ ತಂದುಕೊಟ್ಟಳು.

"ನಮ್ಮ ಬಾಲಣ್ಣನ್ನ ಈ ಸಲ ಚೆನ್ನಾಗಿ ನೋಡ್ಕೊಂಡ್ಬಿಡಮ್ಮ," ಎಂದರು ಮೇಷ್ಟ್ರು. "ಮುಂದಿನ ತಿಂಗಳಿಂದ ನಾನು ಬೇರೆ ಬಾಲ ಹುಡುಕಬೇಕು."

"ಯಾಕೆ ಮೇಷ್ಟ್ರೇ?"

"ಗೊತ್ತಿಲ್ವಾ? ಆಚೆ ಬಂದರಿನಲ್ಲಿ ಒಂದು ವರ್ಕ್‌ಶಾಪ್ ಇದೆಯಂತೆ. ರೇಸಿನ ಚಕ್ರಗಳನ್ನ ಕೈಯಲ್ಲೇ ಕಟ್ಟೋ ಜಾಗ. ಇವನು ಕಟ್ಟಿದ ಒಂದು ಚಕ್ರ ಹೇಗೋ ಅಲ್ಲಿಗೆ ಹೋಗಿ, ಅಲ್ಲಿನ ಯಜಮಾನಿ ನೋಡಿ, ಬಾ ಅಂತ ಕರೆದಿದ್ದಾಳೆ. ಎರಡು ವರ್ಷದ ಕರಾರು. ಭಾನುವಾರ ಮಧ್ಯಾಹ್ನ ಹೋಗಿ ಸಹಿ ಹಾಕ್ಬೇಕು. ಇಪ್ಪತ್ತು ವರ್ಷದಿಂದ ಪಂಕ್ಚರ್ ಹಾಕ್ಕೊಂಡು ಕೂತವನು, ಇಂಥದ್ದೊಂದು ಕೆಲಸಕ್ಕೇ ಕಾಯ್ತಿದ್ದ. ಯಾರಿಗೂ ಹೇಳ್ಬೇಡಿ ಅಂದಿದ್ದಾನೆ. ನೀನೂ ಹೇಳ್ಬೇಡ."

ಆ ಗುಟ್ಟನ್ನು ಮೇಷ್ಟ್ರು ಆಗಲೇ ನಾಲ್ವರಿಗೆ ಹೇಳಿಯಾಗಿತ್ತು.

ಅವಳು ಕಟಕಟೆಗೆ ಒರಗಿ ನಿಂತಳು. ನೀರು ಹಡಗಿನ ಪಕ್ಕೆಯನ್ನು ಸವರಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಮುಂದಿನ ತಿಂಗಳಿಂದ ಕವಲುಗಳು ಇರುತ್ತವೆ, ನಿಲ್ಲುವುದೂ ಇರುತ್ತದೆ, ರಸ್ತೆಯ ತುದಿಯಲ್ಲಿ ಹಳದಿ ಚುಕ್ಕೆಯೂ ಕಾಣಿಸುತ್ತದೆ. ಹತ್ತಿರ ಬಂದಾಗ ಅದು ಬೇರೆ ಯಾರೋ ಆಗಿರುತ್ತದೆ. ಅಷ್ಟನ್ನು ಯೋಚಿಸಿ ಅವಳು ಕೆಳಗಿಳಿದು ಹೋದಳು.

ಅವನು ಸೈಕಲ್ಲುಗಳ ಹಗ್ಗ ಸಡಿಲವಾಗಿದೆಯೇ ಎಂದು ನೋಡುತ್ತಿದ್ದ.

"ಹಡಗಿನಲ್ಲೂ ಹಿಂದೇನೇ ಬಂದು ನಿಂತಿದ್ದೀರಲ್ಲ."

"ಅಭ್ಯಾಸ ಆಗಿಬಿಟ್ಟಿದೆ. ನೀವು ಮುಂದೆ ಮೂತಿಗೆ ಹೋಗಿ ನಿಂತಿರ್ತೀರಿ ಅಂದ್ಕೊಂಡಿದ್ದೆ. ಎಲ್ಲರಿಗಿಂತ ಮೊದಲು ತಲುಪ್ಬೇಕಲ್ಲ."

"ಮೊದಲು ತಲುಪಿ ಏನು ಮಾಡ್ಲಿ? ಅಲ್ಲೂ ನಿಮಗೆ ಕಾಯ್ಬೇಕು."

ಅವನು ತಲೆಯೆತ್ತಿ ನೋಡಿದ. ಅವಳು ನೋಟ ತಪ್ಪಿಸಲಿಲ್ಲ. ಅವನೇ ತಪ್ಪಿಸಿ, ಅವಳ ಸೈಕಲ್ಲಿನ ಹಿಂದಿನ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಡ್ಡಿಗಳನ್ನು ಮೀಟತೊಡಗಿದ.

"ಒಂದು ಸಡಿಲ ಇದೆ."

"ಚಕ್ರದಲ್ಲೋ, ನನ್ನಲ್ಲೋ?"

"ಚಕ್ರದಲ್ಲಿ." ಅವನ ಕಿವಿ ಕೆಂಪಾಯಿತು. ಜೇಬಿನಿಂದ ಕಡ್ಡಿ ಬಿಗಿಯುವ ಪುಟ್ಟ ಕೀಲಿ ತೆಗೆದು ಕಾಲು ಸುತ್ತು ತಿರುಗಿಸಿದ. ಮತ್ತೆ ಮೀಟಿ ಕಿವಿಗೊಟ್ಟ. ಅವಳು ಆ ಬೆರಳುಗಳನ್ನು ನೋಡಿದಳು. ಇಂಥ ಕೈಯನ್ನು ಒಂದು ದೇಶ ಕರೆದರೆ ಅದರಲ್ಲಿ ಆಶ್ಚರ್ಯವೇನು ಎನ್ನಿಸಿತು.

"ಬೇರೇನಾದ್ರೂ ಹೇಳೋದಿತ್ತಾ ನನಗೆ?" ಎಂದು ಕೇಳಿದಳು.

ಅವನು ಕೀಲಿಯನ್ನು ಬಟ್ಟೆಯಲ್ಲಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅಲ್ಲಿ ರಸ್ತೆಯ ಬಲಗಡೆ ಹೋಗ್ಬೇಕು," ಎಂದ. "ಮರೀಬೇಡಿ."

*

ಶನಿವಾರ ಐದು ಕವಲುಗಳು ಬಂದವು. ಐದರಲ್ಲೂ ಅವಳೇ ನಿಂತಳು.

ದಾರಿ ಸಮುದ್ರದ ಅಂಚಿನಲ್ಲೇ ಸಾಗಿತ್ತು. ಗೋಡೆಗಳಿಗೆ ಸುಣ್ಣ ಬಳಿದ ತಗ್ಗು ಮನೆಗಳು, ಅಂಗಳದಲ್ಲಿ ಒಣಹಾಕಿದ ಬಲೆಗಳು, ಎಲ್ಲ ಕಡೆಯೂ ಗಾಳಿ. ನಾಲ್ಕನೆಯ ಕವಲಿಗೆ ಅವನು ಬಂದಾಗ ಒಂದು ಕಣ್ಣು ಮುಚ್ಚಿಕೊಂಡಿದ್ದ.

"ಏನಾಯ್ತು?"

"ಮರಳು ಹೊಕ್ಕಿದೆ. ಪರವಾಗಿಲ್ಲ."

"ನಾನು ಯಾವ ಅಂಗಡೀಲಿ ಕೆಲಸ ಮಾಡೋದು ಅಂತ ಗೊತ್ತಲ್ಲ? ಇಳೀರಿ."

ಅವನನ್ನು ಒಂದು ಮೋಟು ಗೋಡೆಯ ಮೇಲೆ ಕೂರಿಸಿದಳು. ಗದ್ದಕ್ಕೆ ಎರಡು ಬೆರಳು ಕೊಟ್ಟು ಮುಖವನ್ನು ಬೆಳಕಿಗೆ ತಿರುಗಿಸಿದಳು. ಇದು ದಿನಕ್ಕೆ ಇಪ್ಪತ್ತು ಜನಕ್ಕೆ ಮಾಡುವ ಕೆಲಸ. ಆ ಇಪ್ಪತ್ತು ಜನರಲ್ಲಿ ಯಾರ ಗದ್ದವೂ ಹೀಗೆ ಬಿಸಿಯಾಗಿರಲಿಲ್ಲ.

"ಮೇಲೆ ನೋಡಿ. ಈಗ ಕೆಳಗೆ. ಎಡಕ್ಕೆ." ಕರ್ಚೀಫಿನ ತುದಿಯನ್ನು ಸುತ್ತಿ ಸೂಜಿಯಂತೆ ಮಾಡಿಕೊಂಡಳು. "ಈಗ ನನ್ನ ಕಡೆ."

ಅವನು ಅವಳ ಕಡೆ ನೋಡಿದ. ಆ ಕಣ್ಣಿನ ಕಪ್ಪು ಪೂರಾ ಕಪ್ಪಲ್ಲ, ಅಂಚಿನಲ್ಲಿ ಕಂದು ಬಣ್ಣದ ಒಂದು ಬಳೆಯಿದೆ ಎಂಬುದನ್ನು ಅವಳು ನಾಲ್ಕು ವರ್ಷದ ಮೇಲೆ ಅಂದು ಕಂಡಳು. ಮರಳಿನ ಕಣ ಬಂತು. ಅವಳು ಕೈ ತೆಗೆಯಲು ಕೊಂಚ ತಡಮಾಡಿದಳು.

"ಈಗ ಕಾಣುತ್ತಾ?"

"ಮುಂಚೇನೂ ಕಾಣ್ತಿತ್ತು."

"ಮತ್ತೆ ಯಾಕೆ ಇಷ್ಟು ಹೊತ್ತು ಕೂತಿದ್ರಿ?"

"ನೀವು ಏಳಿ ಅನ್ಲಿಲ್ಲ."

ಇಬ್ಬರೂ ಸೈಕಲ್ ಹತ್ತಿದರು. ಮುಂದಿನ ಮೂರು ಕಿಲೋಮೀಟರಿನಲ್ಲಿ ಅವನು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಗೇರ್ ಬದಲಾಯಿಸಿದ.

ಸಂಜೆ ವಸತಿಗೃಹದ ಕೋಣೆಯಲ್ಲಿ ಅತ್ತಿಗೆ ಕಿಟಕಿಯ ಹೊರಗೆ ಕಾಲುಚೀಲ ಒಣಹಾಕುತ್ತಿದ್ದಳು. ನಾದಿನಿ ಮಂಚದ ಮೇಲೆ ಕೂತು ಕನ್ನಡಿಯನ್ನು ನೋಡದೆಯೇ ಜಡೆ ಬಿಚ್ಚುತ್ತಿದ್ದಳು.

"ಮೇಷ್ಟ್ರು ನನಗೂ ಹೇಳಿದ್ರು," ಎಂದಳು ಅತ್ತಿಗೆ.

"ಏನನ್ನ?"

"ನನ್ನ ಹತ್ರ ನಾಟಕ ಆಡ್ಬೇಡ. ನಾನು ನಿಮ್ಮಣ್ಣನ ಜೊತೆ ಹದಿಮೂರು ವರ್ಷದಿಂದ ಸಂಸಾರ ಮಾಡ್ತಿದ್ದೀನಿ, ನಿಮ್ಮ ಮನೆಯವರ ಮುಖ ನನಗೆ ಓದೋಕೆ ಬರುತ್ತೆ. ಅವನು ಹೋಗ್ಬಿಡ್ತಾನೆ. ನಾಳೆ ಮಧ್ಯಾಹ್ನ ಸಹಿ ಹಾಕ್ತಾನೆ. ಈಗ್ಲೇ ಹೋಗಿ ಹೇಳು."

"ನಾಳೆ ಹೇಳ್ತೀನಿ."

"ನಾಳೆ ಯಾವಾಗ? ಸಹಿ ಆದ್ಮೇಲೆ ಹೇಳಿ ಏನು ಉಪ್ಪಿನಕಾಯಿ ಹಾಕ್ಕೋತೀಯ?"

"ಅವನಾಗೇ ಹೇಳ್ತಾನಾ ನೋಡೋಣ."

"ಅವನಾ? ಅವನು ಹೇಳೋಷ್ಟರಲ್ಲಿ ಈ ಸಮುದ್ರ ಬತ್ತಿ, ನಾವು ಇದರ ಮೇಲೇ ಸೈಕಲ್ ಹೊಡ್ಕೊಂಡು ಮನೆಗೆ ಹೋಗ್ಬಹುದು."

ನಾದಿನಿ ನಕ್ಕಳು, ಆದರೆ ಏಳಲಿಲ್ಲ. ಆ ಹೊತ್ತಿಗೆ ತನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ ಎಂದು ಅತ್ತಿಗೆ ಎರಡು ಸಲ ಹೇಳುವಾಗಲೂ ಹೇಳಿದ್ದಾಳೆ.

*

ಭಾನುವಾರ ಊಟವಾದ ಮೇಲೆ ಅವನು ಹಳದಿ ಜಾಕೆಟ್ಟು ಕಳಚಿ, ಈ ಕಥೆ ಹೇಳಿದ ಬೇಕರಿಯವನ ಕೈಗೆ ಕೊಟ್ಟ.

"ನನಗೆ ಊರಲ್ಲಿ ಸ್ವಲ್ಪ ಕೆಲಸ ಇದೆ. ಇವತ್ತು ನೀವು ಬಾಲ. ನಾನು ನೇರ ಬಂದರಿಗೆ ಬರ್ತೀನಿ."

"ಅಯ್ಯೋ, ನನಗೆ ಅಭ್ಯಾಸ ಇಲ್ಲ!"

"ಏನಿಲ್ಲ. ಯಾರ ಹಿಂದೇನೂ ಅವಸರ ಮಾಡ್ಬೇಡಿ. ತಿರುವಲ್ಲಿ ನಿಂತೋರನ್ನ ಕರ್ಕೊಂಡು ಬನ್ನಿ. ಅಷ್ಟೇ."

ಈ ಮಾತು ಅವಳ ಎದುರಿನಲ್ಲೇ ನಡೆಯಿತು. ಅವಳು ಬಾಟಲಿಗೆ ನೀರು ತುಂಬುತ್ತಿದ್ದಳು. ಅವನು ಅವಳ ಕಡೆ ಒಮ್ಮೆ ನೋಡಿ, ಏನೋ ಹೇಳುವವನಂತೆ ನಿಂತು, "ಗಾಳಿ ಎದುರಿಗಿದೆ, ನಿಧಾನ," ಎಂದಷ್ಟೇ ಹೇಳಿ ಹೊರಟುಹೋದ.

ಕೊನೆಯ ಕವಲು ಬಂದರಿನಿಂದ ಮೂರು ಕಿಲೋಮೀಟರ್ ಈಚೆಗೆ, ದೋಣಿಗಳಿಗೆ ಬಣ್ಣ ಹೊಡೆಯುವ ಒಂದು ಅಂಗಳದ ಪಕ್ಕದಲ್ಲಿ. ಭಾನುವಾರವಾದ್ದರಿಂದ ಅಂಗಳ ಮುಚ್ಚಿತ್ತು. ಮಗುಚಿಹಾಕಿದ ದೋಣಿಗಳ ಮೇಲೆ ಅರ್ಧ ಹಚ್ಚಿದ ನೀಲಿ. ಮೇಷ್ಟ್ರು ತಿರುಗಿ ನೋಡುವ ಮೊದಲೇ ಅವಳು ಕಾಲೂರಿದ್ದಳು.

ಒಬ್ಬೊಬ್ಬರಾಗಿ ದಾಟಿದರು. ಅತ್ತಿಗೆ ದಾಟುವಾಗ ಸೈಕಲ್ ನಿಲ್ಲಿಸದೆಯೇ, "ಬರ್ತೀಯಲ್ಲಾ?" ಎಂದಳು. ಕೊನೆಗೆ ಮೂರೂ ಮುಕ್ಕಾಲಿಗೆ ಬೇಕರಿಯವನು ಬಂದ. ಜಾಕೆಟ್ಟು ಹೊಟ್ಟೆಯ ಹತ್ತಿರ ಬಿಗಿಯಾಗಿ ಗುಂಡಿ ಕೂಡಿರಲಿಲ್ಲ.

"ಉಸ್ಸಪ್ಪಾ. ಆಯ್ತು, ಎಲ್ಲ ದಾಟಿದ್ರು. ನಡೀರಿ."

"ನೀವು ನಡೀರಿ. ನಾನು ಬಾಲ ಬಂದ್ಮೇಲೆ ಬರ್ತೀನಿ."

ಬೇಕರಿಯವನು ತನ್ನ ಎದೆಯನ್ನು ತಾನೇ ನೋಡಿಕೊಂಡ. "ನಾನೇ ಅಲ್ವಾ ಬಾಲ?"

"ನೀವು ಬೇಕರಿಯವರು."

"ಜಾಕೆಟ್ ನೋಡಿ, ಮೇಡಂ!"

"ಜಾಕೆಟ್ ಯಾರು ಬೇಕಾದ್ರೂ ಹಾಕ್ಕೋಬಹುದು. ನಮ್ಮ ಕ್ಲಬ್ಬಿನ ಬಾಲ ಇನ್ನೂ ಈ ತಿರುವು ದಾಟಿಲ್ಲ. ದಾಟೋವರೆಗೂ ನಾನು ಕದಲೋ ಹಾಗಿಲ್ಲ. ನಿಯಮ."

"ಅವರು ಬೇರೆ ದಾರೀಲಿ ನೇರ ಬಂದರಿಗೆ ಬರ್ತಾರೆ ಮೇಡಂ. ಈ ಕಡೆ ಬರೋದೇ ಇಲ್ಲ!"

"ಹಾಗಂತ ಅವರಿಗೆ ಹೇಳಿ. ನಾನು ಇಲ್ಲಿ ನಿಂತಿದ್ದೀನಿ ಅಂತ."

"ಹಡಗು ಐದಕ್ಕೆ!"

"ಗೊತ್ತು. ನನ್ನ ಕೈಯಲ್ಲೂ ಗಡಿಯಾರ ಇದೆ."

ಬೇಕರಿಯವನು ಇನ್ನೂ ಸ್ವಲ್ಪ ಹೊತ್ತು ಗೋಗರೆದ. ಒಂದು ಬನ್ನು ಕೊಟ್ಟು ನೋಡಿದ. ಅವಳು ಬನ್ನು ತೆಗೆದುಕೊಂಡಳು, ಕದಲಲಿಲ್ಲ. ಆಗ ಅವನಿಗೆ ಏನು ಮಾಡಲೂ ತೋಚದೆ, ಬಾಲವಾಗಿದ್ದೂ ಒಬ್ಬರನ್ನು ಹಿಂದೆ ಬಿಟ್ಟು, ಕ್ಲಬ್ಬಿನ ಇತಿಹಾಸದಲ್ಲೇ ಯಾರೂ ಮಾಡದ ಅಪರಾಧ ಮಾಡಿದೆನೆಂಬ ಹೆದರಿಕೆಯಿಂದ ಬಂದರಿಗೆ ತುಳಿದ.

ಬಂದರಿನಲ್ಲಿ ಬಾಲಣ್ಣ ಆಗಲೇ ಬಂದು ನಿಂತಿದ್ದ. ಎದೆಯ ಜೇಬಿನಿಂದ ಮಡಿಸಿದ ಕಾಗದವೊಂದು ಇಣುಕುತ್ತಿತ್ತು. ಅಭ್ಯಾಸದಂತೆ ತಲೆ ಎಣಿಸಿದ. ಹದಿನಾರು. ಇನ್ನೊಮ್ಮೆ ಎಣಿಸಲಿಲ್ಲ; ಯಾವ ತಲೆಯಿಲ್ಲವೆಂದು ಮೊದಲ ಸಲಕ್ಕೇ ತಿಳಿದಿತ್ತು.

"ಅವರೆಲ್ಲಿ?"

"ತಿರುವಿನಲ್ಲಿ," ಎಂದ ಬೇಕರಿಯವನು. ಅವನಿಗೆ ಅಳುವೊಂದು ಬಾಕಿ. "ದೋಣಿಗೆ ಬಣ್ಣ ಹೊಡೆಯೋ ಜಾಗದ ಹತ್ರ. ನಾನು ಬಾಲ ಅಲ್ವಂತೆ. ನೀವು ಬರೋವರೆಗೂ ಕದಲಲ್ವಂತೆ. ನಿಯಮ ಅಂತೆ."

ಅವನು ಕಾಗದವನ್ನು ಜೇಬಿನೊಳಕ್ಕೆ ತುರುಕಿದ. ಆಮೇಲೆ ಸೈಕಲ್ಲನ್ನು ತಿರುಗಿಸಿದ. ಮೇಷ್ಟ್ರು ಗಡಿಯಾರ ನೋಡಿ ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅವರ ತೋಳು ಹಿಡಿದಳು.

"ಹೋಗ್ಲಿ ಬಿಡಿ ಮೇಷ್ಟ್ರೇ. ನಾಲ್ಕು ವರ್ಷದಲ್ಲಿ ಇವತ್ತೇ ಅವನು ಜೋರಾಗಿ ತುಳೀತಿರೋದು."

*

ಅವನು ಬರುವುದನ್ನು ಅವಳು ದೂರದಿಂದ ಗುರುತಿಸಲಿಲ್ಲ. ಹಳದಿಗೆ ರೂಢಿಯಾದ ಕಣ್ಣು. ಬೂದು ಅಂಗಿಯ ಯಾರೋ ಬಂದರಿನ ಕಡೆಯಿಂದ, ಬರಬಾರದ ದಿಕ್ಕಿನಿಂದ, ಬರುತ್ತಿದ್ದಾರೆ ಎಂದುಕೊಂಡಳು. ಅವನು ಕಾಲೂರಿದಾಗ ಏದುಸಿರು ಬಿಡುತ್ತಿದ್ದ.

"ಹೊತ್ತಾಯ್ತು," ಎಂದಳು ಅವಳು.

"ಏನ್ರೀ ಇದು? ಹಡಗು ತಪ್ಪಿದ್ರೆ?"

"ಸಹಿ ಹಾಕಿದ್ರಾ?"

"ನಿಮಗೆ ಹೇಗೆ…"

"ಮೇಷ್ಟ್ರಿಗೆ ಗುಟ್ಟು ಹೇಳಿದ್ರೆ ಇನ್ನೇನಾಗುತ್ತೆ? ಸಹಿ ಹಾಕಿದ್ರಾ ಅಂತ ಕೇಳ್ದೆ."

"ಹಾಕಿದೆ." ಅವನು ಜೇಬಿನ ಮೇಲೆ ಕೈಯಿಟ್ಟ. "ಒಂದನೇ ತಾರೀಕಿನಿಂದ. ಎರಡು ವರ್ಷ."

ಈ ಜಾಗದಲ್ಲಿ ಇಬ್ಬರ ಕಥೆ ಬೇರೆಯಾಗುತ್ತದೆ. ಬೇಕರಿಯವನ ಪ್ರಕಾರ ಅವಳು ಇಲ್ಲಿ ಅತ್ತಳು. ಅತ್ತಿಗೆಯ ಪ್ರಕಾರ ಅವಳು ಅಳುವ ಪೈಕಿಯೇ ಅಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದು ಒಮ್ಮೆ ಉಸಿರೆಳೆದುಕೊಂಡಳು, ಅಷ್ಟೇ. ಇಬ್ಬರೂ ಅಲ್ಲಿರಲಿಲ್ಲ. ಆಮೇಲಿನ ಮಾತುಗಳಲ್ಲಿ ಮಾತ್ರ ಒಂದಕ್ಷರವೂ ವ್ಯತ್ಯಾಸವಿಲ್ಲ.

"ಒಳ್ಳೇದಾಯ್ತು," ಎಂದಳು. "ಈಗ ಹೇಳ್ಬಹುದು."

"ಏನನ್ನ?"

"ನಾಲ್ಕು ವರ್ಷದಿಂದ ನಾನು ಪ್ರತಿಯೊಂದು ತಿರುವಲ್ಲೂ ಯಾಕೆ ನಿಲ್ತೀನಿ ಅನ್ನೋದನ್ನ. ನನಗೆ ದಾರಿ ತೋರ್ಸೋ ಹುಚ್ಚು ಇಲ್ಲ ಕಣ್ರೀ. ಎಲ್ಲರೂ ಹೋದ್ಮೇಲೆ ಕೊನೇಲಿ ನೀವು ಬರ್ತೀರಿ ಅಂತ ನಿಲ್ತೀನಿ. ಆಮೇಲೆ ಮುಂದೆ ಓಡೋದೂ ಅದಕ್ಕೇ. ಮುಂದೆ ಹೋಗದಿದ್ರೆ ಮತ್ತೆ ನಿಮ್ಮನ್ನ ಕಾಯೋಕಾಗಲ್ಲ."

ಅವನು ಸೈಕಲ್ಲಿನಿಂದ ಇಳಿದ. ಸ್ಟ್ಯಾಂಡ್ ಹಾಕಲು ಹೋದ. ಅವನ ಸೈಕಲ್ಲಿಗೆ ಸ್ಟ್ಯಾಂಡೇ ಇರಲಿಲ್ಲ. ಅದನ್ನು ಹಾಗೆಯೇ ಹುಲ್ಲಿನ ಮೇಲೆ ಮಲಗಿಸಿದ. ಚಕ್ರಗಳನ್ನು ಮಗುವಿನಂತೆ ನೋಡಿಕೊಳ್ಳುವವನು ಸೈಕಲ್ಲನ್ನು ನೆಲಕ್ಕೆ ಮಲಗಿಸಿದ್ದು ಅದೊಂದೇ ಸಲ.

"ನಿನ್ನೆ ಹೇಳಿದ್ರೆ ನಾನು ಸಹಿ ಹಾಕ್ತಿರ್ಲಿಲ್ಲ," ಎಂದ.

"ಗೊತ್ತು."

"ಶುಕ್ರವಾರವೇ ಗೊತ್ತಿತ್ತು ನಿಮಗೆ. ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀವು ಸಹಿ ಹಾಕ್ತಿರ್ಲಿಲ್ಲ ಅಂತಾನೇ ಹೇಳ್ಲಿಲ್ಲ. ಇಪ್ಪತ್ತು ವರ್ಷದಿಂದ ನೀವು ಇಂಥ ಕೆಲಸಕ್ಕೆ ಕಾದಿದ್ದೀರಿ. ಅದಕ್ಕೆ ನಾನು ಅಡ್ಡ ನಿಂತೆ ಅಂತ ಆಗ್ಬಾರದು. ನೀವು ಹೋಗ್ಬೇಕು. ಹೇಳದೆ ಹೋಗ್ಬಾರದು, ಅಷ್ಟೇ. ಹಡಗಲ್ಲಿ ಕೇಳ್ದೆ, ಬಲಗಡೆ ಹೋಗಿ ಅಂದ್ರಿ. ನಿನ್ನೆ ಕಾದೆ, ಗೇರ್ ಬದಲಾಯಿಸಿದ್ರಿ. ಇನ್ನೆಷ್ಟು ಅವಕಾಶ ಕೊಡ್ಲಿ? ಅದಕ್ಕೇ ಇಲ್ಲಿ ನಿಂತೆ. ನಾವಿಬ್ಬರೇ ಇರೋದು ತಿರುವಲ್ಲಿ ಮಾತ್ರ ಅಲ್ವಾ?"

ಗಾಳಿ ಒಂದು ದೋಣಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಪಟಪಟ ಬಡಿಯಿತು. ಅವನು ಹೇಳತೊಡಗಿದ; ಒಮ್ಮೆ ತೊಡಗಿದ ಮೇಲೆ ನಿಲ್ಲಿಸಲಿಲ್ಲ.

"ನಾನು ಕೊನೇಲಿ ಬರೋನು. ಕೊನೇಲಿ ಬರೋನಿಗೆ ಎಲ್ಲರ ಬೆನ್ನೂ ಕಾಣುತ್ತೆ. ನಿಮ್ಮ ಬೆನ್ನು ಮೊದಲು ಮಾಯ ಆಗೋದು. ಅದು ಮಾಯ ಆದ್ಮೇಲೆ ಮುಂದಿನ ತಿರುವು ಎಷ್ಟು ದೂರ ಅಂತ ಮಾತ್ರ ನನ್ನ ತಲೇಲಿರೋದು. ಅಲ್ಲಿ ಬೇರೆ ಯಾರಾದ್ರೂ ನಿಂತಿದ್ರೆ ಅವರ ಮೇಲೆ ಸಿಟ್ಟು ಬರ್ತಿತ್ತು. ಪಾಪ, ಅವರೇನು ಮಾಡಿದ್ರು? ನೀವು ನನ್ನ ಜೊತೆ ಐದು ನಿಮಿಷ ಬಂದು ಮುಂದೆ ಹೋಗ್ಬಿಡೋರು. ಐದು ನಿಮಿಷಕ್ಕಿಂತ ಜಾಸ್ತಿ ನನ್ನನ್ನ ಸಹಿಸೋಕಾಗಲ್ಲ ಅಂದ್ಕೊಂಡೆ. ಇಂಥೋನು ಊರು ಬಿಟ್ರೆ ಯಾರಿಗೆ ತಿಳಿಯುತ್ತೆ ಅಂತ ಸಹಿ ಹಾಕಿದೆ. ಕೆಲಸದ ಆಸೆ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಪೆನ್ನು ಹಿಡಿದಾಗ ನೆನಪಾಗಿದ್ದು ನಿನ್ನೆಯ ಮರಳು."

"ಮರಳಾ?"

"ನೀವು ತೆಗೆದದ್ದು." ಅವನು ಈಗ ನೇರವಾಗಿ ನೋಡಿದ. "ಹೋಗಿ ಆ ಕಾಗದ ವಾಪಸ್ ಕೊಟ್ಟುಬರ್ಲಾ? ಯಜಮಾನಿ ಇನ್ನೂ ವರ್ಕ್‌ಶಾಪಲ್ಲೇ ಇರ್ತಾಳೆ."

"ಕೊಟ್ಟು ನೋಡಿ," ಎಂದಳು ಅವಳು. "ಈ ಜನ್ಮದಲ್ಲಿ ಮತ್ತೆ ಮಾತಾಡ್ಸಲ್ಲ."

"ಮತ್ತೆ ಎರಡು ವರ್ಷ?"

"ಈ ಹಡಗು ವಾರಕ್ಕೆ ಮೂರು ಸಲ ಬರುತ್ತೆ. ಬೋರ್ಡಿನಲ್ಲಿ ಬರೆದಿತ್ತು, ಶುಕ್ರವಾರವೇ ಓದ್ಕೊಂಡೆ. ನಮ್ಮ ಅಂಗಡಿಗೆ ಹದಿನೈದು ದಿನಕ್ಕೊಮ್ಮೆ ಶನಿವಾರ ರಜ. ನಾನು ಬರ್ತೀನಿ. ನಡುವೆ ಒಂದು ಭಾನುವಾರ ನೀವು ಬನ್ನಿ."

ಅವನು ನಕ್ಕುಬಿಟ್ಟ. ಅವನ ನಗುವಿನಲ್ಲಿ ಹಲ್ಲು ಕಾಣುತ್ತದೆಂದು ಅವಳಿಗೆ ಅಂದೇ ತಿಳಿದದ್ದು. ಅವಳ ಕೈ ಇನ್ನೂ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಿತ್ತು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಕೈಯನ್ನು ತನ್ನ ಗ್ರೀಸು ಕಲೆಯ ಕೈಗಳಲ್ಲಿ ಇಟ್ಟುಕೊಂಡ.

"ತಣ್ಣಗಾಗಿದೆ," ಎಂದ.

"ಮುಕ್ಕಾಲು ಗಂಟೆ ನಿಂತಿದ್ದೀನಿ. ಗಾಳಿಗೆ ನಿಂತು ನೋಡಿ, ಗೊತ್ತಾಗುತ್ತೆ."

"ಇನ್ನು ಮೇಲೆ ನಾನು ನಿಲ್ತೀನಿ."

"ನಿಲ್ಲೋದು ಆಮೇಲೆ. ಈಗ ತುಳೀರಿ, ನಾಲ್ಕೂವರೆ ಆಯ್ತು."

ಮೂರು ಕಿಲೋಮೀಟರ್. ಈ ಸಲ ಅವಳು ಮುಂದೆ ಹಾರಲಿಲ್ಲ, ಅವನು ಹಿಂದೆ ಉಳಿಯಲಿಲ್ಲ. ಗಾಳಿ ಈಗ ಬೆನ್ನಿಗಿತ್ತು.

*

ಬಂದರಿನಲ್ಲಿ ಲಾರಿಗಳೆಲ್ಲ ಒಳಗೆ ಹೋಗಿ, ಹಡಗಿಗೆ ಹತ್ತುವ ಕಬ್ಬಿಣದ ಹಲಗೆಯನ್ನು ಎತ್ತಲು ಹಗ್ಗದವನು ಕೈ ಹಚ್ಚಿದ್ದ. ಮೇಷ್ಟ್ರು ಅವನ ಎದುರು ನಿಂತು, ತಮಗೆ ಬಾರದ ಭಾಷೆಯಲ್ಲಿ, ಗಾಳಿಯಲ್ಲಿ ಎರಡು ಸೈಕಲ್ಲುಗಳ ಚಿತ್ರ ಬರೆದು ತೋರಿಸುತ್ತಿದ್ದರು. ಆಗ ಇಬ್ಬರೂ ಬಂದರು. ಅಕ್ಕಪಕ್ಕದಲ್ಲಿ.

ಬೇಕರಿಯವನು ಹಳದಿ ಜಾಕೆಟ್ಟು ಬಿಚ್ಚಿ ಚಾಚಿದ. "ತಗೊಳ್ಳಿ ಮಾರಾಯ್ರೇ. ನನಗೆ ಈ ಕೆಲಸ ಬೇಡ."

"ಇಟ್ಕೊಳ್ಳಿ," ಎಂದ ಅವನು. "ಮುಂದಿನ ತಿಂಗಳಿಂದ ನಿಮ್ಮದೇ."

ಅತ್ತಿಗೆ ಇಬ್ಬರ ಮುಖವನ್ನೂ ನೋಡಿದಳು. ಹಡಗು ದಡ ಬಿಟ್ಟ ಮೇಲೆ ನಾದಿನಿಯ ಪಕ್ಕದಲ್ಲಿ ಕೂತು, ಅರ್ಧ ಗಂಟೆ ತಡೆದುಕೊಂಡು, ಕಡೆಗೆ ಮೆಲ್ಲಗೆ ಅಂದಳು: "ನಿಮ್ಮಣ್ಣನಿಗೆ ನಾನು ಹೇಳ್ತೀನಿ. ನೀನು ಹೇಳೋಕೆ ಹೋದ್ರೆ ಮತ್ತೆಲ್ಲಾದ್ರೂ ಹೋಗಿ ನಿಂತ್ಕೊಂಡ್ಬಿಡ್ತೀಯ."

ಆಮೇಲೆ ಕತ್ತಲಾಗುವವರೆಗೆ ಅವನೂ ಅವಳೂ ಹಡಗಿನ ಹಿಂಭಾಗದಲ್ಲಿ ಕೂತಿದ್ದರು. ಬಿಟ್ಟುಬಂದ ದಡ ಸಣ್ಣದಾಗುತ್ತಿತ್ತು. ಒಂದನೇ ತಾರೀಕಿಗೆ ಹನ್ನೊಂದು ದಿನ ಉಳಿದಿತ್ತು. ಅದನ್ನು ಇಬ್ಬರೂ ಎಣಿಸಿದ್ದರು; ಯಾರೂ ಬಾಯಿಬಿಟ್ಟು ಹೇಳಲಿಲ್ಲ.

*

ಬೇಕರಿಯವನು ಇಲ್ಲಿಗೆ ನಿಲ್ಲಿಸಿ ಒಂದು ಪೆಡಲನ್ನು ಕೈಯಿಂದ ತಿರುಗಿಸಿದ. ಚೈನು ಸದ್ದಿಲ್ಲದೆ ಓಡಿತು.

"ಅವನು ಕಾಗದ ಹರಿದು ಹಾಕ್ಬೇಕಿತ್ತು," ಎಂದಳು ಕೇಳುತ್ತಿದ್ದ ಒಬ್ಬ ಯುವತಿ. "ಆಗ ಮಜಾ ಇರ್ತಿತ್ತು."

"ಹರಿದಿದ್ರೆ ನಿನಗೆ ಮಜಾ ಇರ್ತಿತ್ತು. ಅವನಿಗೆ ಹೆಂಡತಿ ಇರ್ತಿರ್ಲಿಲ್ಲ."

"ಮದುವೆ ಆಯ್ತಾ ಹಾಗಾದ್ರೆ?"

"ಎರಡನೇ ವರ್ಷ. ಅಷ್ಟರಲ್ಲಿ ಅವಳು ಎಷ್ಟು ಸಲ ಸಮುದ್ರ ದಾಟಿದ್ಲು ಅಂದ್ರೆ, ಹಡಗಿನವರು ಕಾಫಿಗೆ ಎಷ್ಟು ಸಕ್ಕರೆ ಅಂತ ಕೇಳೋದನ್ನೇ ಬಿಟ್ಟಿದ್ರು. ಒಂದು ಸಲ ಅಲೆ ಜಾಸ್ತಿ ಇತ್ತು, ಹಡಗು ಹೋಗ್ಲಿಲ್ಲ. ಬಂದರಿನಲ್ಲೇ ಇಡೀ ದಿನ ಕೂತು ವಾಪಸ್ ಬಂದ್ಲು. ಜಗಳಾನೂ ಆಡಿದ್ರಂತೆ ಮಧ್ಯೆ, ಒಂದು ತಿಂಗಳು. ಸಾಮಾನ್ಯ ಅಲ್ಲ ಎರಡು ವರ್ಷ."

"ಈಗ ವಾಪಸ್ ಬಂದಿದ್ದಾರಾ?"

"ಇಲ್ಲ. ಎರಡು ವರ್ಷ ಅಂದದ್ದು ಆರಾಯ್ತು. ಅವಳು ಅಲ್ಲೇ ಕಣ್ಣಿನ ಅಂಗಡಿ ಸೇರಿದ್ಲು. ಅತ್ತಿಗೆ ಭಾನುವಾರ ಒಬ್ಬಳೇ ಬರ್ತಾಳೆ ನೋಡಿ, ಮಾತಾಡೋಕೆ ಜನ ಇಲ್ಲ ಅಂತ ಈಗ ನನ್ನನ್ನೇ ಬೈತಾಳೆ."

ಆಮೇಲೆ ಒಬ್ಬಾತ ಗಡಿಯಾರ ನೋಡಿ ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ ಎಂದ. ಎಲ್ಲರೂ ಎದ್ದರು. ಸೈಕಲ್ಲುಗಳನ್ನು ಮಗುಚಿ ನೆಟ್ಟಗೆ ನಿಲ್ಲಿಸಿದರು, ಕೈಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೊಳೆದರು. ಯುವತಿ ಹೊರಗೆ ಬಂದು, ಆ ಹಡಗು ಈಗಲೂ ವಾರಕ್ಕೆ ಮೂರು ಸಲ ಹೋಗುತ್ತದೆಯೇ ಎಂದು ಕೇಳಿದಳು. ಈಗ ನಾಲ್ಕು ಸಲ ಎಂದು ಹೇಳಿ ಬೇಕರಿಯವನು ಶೆಡ್ಡಿಗೆ ಬೀಗ ಹಾಕಿದ. ಅವರವರ ಮನೆಯ ದಾರಿ ಹಿಡಿದು ಎಲ್ಲರೂ ಹೊರಟುಹೋದರು.